ಕರಡಿಯ ಮನೆ ನಂಬರು

ಮೂವತ್ತೆಂಟು ವರ್ಷ ಕತ್ತಲೆಯಲ್ಲಿ ಕೂತು ಊರಿಗೆಲ್ಲ ಸಿನಿಮಾ ತೋರಿಸಿದವನನ್ನು ಹಾಡಹಗಲು ಮನೆಯಲ್ಲಿಟ್ಟುಕೊಳ್ಳುವುದು ಎಂಥ ಪಾಡು ಎಂದು ತಿಳಿಯಬೇಕಾದರೆ ಆಪರೇಟರನ ಹೆಂಡತಿಯನ್ನು ಕೇಳಬೇಕು. ಚಿತ್ರಮಂದಿರ ಮುಚ್ಚಿ ಅಲ್ಲಿ ಸೋಫಾ ಮಾರುವ ಮಳಿಗೆ ಬಂದ ಮೇಲೆ ಆಪರೇಟರ್ ಮನೆ ಸೇರಿದ. ಸೇರಿದವನು ಸುಮ್ಮನಿದ್ದನೇ? ಕಿಟಕಿಯ ಪರದೆ ಎರಡು ಬೆರಳು ಸರಿದಿದ್ದರೆ ಎದ್ದು ಹೋಗಿ ಎಳೆಯುವನು. ಟಿವಿ ನೋಡುವವರ ಬೆನ್ನ ಹಿಂದೆ ನಿಂತು "ಬಣ್ಣ ಜಾಸ್ತಿಯಾಯ್ತು" ಎನ್ನುವನು. ಮಧ್ಯಾಹ್ನ ಎರಡೂವರೆ ಹೊಡೆಯಿತೆಂದರೆ ಮ್ಯಾಟಿನಿಯ ಹೊತ್ತು. ಆಗಂತೂ ಅವನ ಕೈಗಳು ತಾವೇ ತಾವಾಗಿ ಇಲ್ಲದ ರೀಲುಗಳನ್ನು ಹುಡುಕುತ್ತಿದ್ದವು. ಹೆಂಡತಿ ತಲೆ ಚಚ್ಚಿಕೊಳ್ಳುವುದೊಂದು ಬಾಕಿ.

ಇಷ್ಟು ಸಾಲದೆಂದು ಮಹಡಿಯ ಮೇಲೆ ಅವಳ ತಮ್ಮ ಬೇರೆ ಇದ್ದ. ಒಂಟಿ ಜೀವ. ಕನ್ನಡಕದ ಕಾರ್ಖಾನೆಯಲ್ಲಿ ಗಾಜು ಉಜ್ಜಿ ಉಜ್ಜಿ ನಿವೃತ್ತನಾದವನು. ಅವನಿಗೂ ಆಪರೇಟರನಿಗೂ ಎರಡು ವರ್ಷದಿಂದ ಮಾತಿರಲಿಲ್ಲ. ಕಾರಣ ಕೇಳಿದರೆ ನಗಬೇಡಿ. ಚಿತ್ರಮಂದಿರದ ಕೊನೆಯ ಆಟದ ದಿನ, ಊರಿಗೆ ಊರೇ ಕಣ್ಣೀರು ಹಾಕಿಕೊಂಡು ಕೂತಿದ್ದಾಗ, ಈ ಬಾಮೈದ ಮುಂದಿನ ಸಾಲಿನಲ್ಲಿ ತಲೆ ಹಿಂದಕ್ಕೆ ಚೆಲ್ಲಿ ಬಾಯಿ ತೆರೆದು ಗೊರಕೆ ಹೊಡೆದಿದ್ದ. ಕ್ಯಾಬಿನ್ನಿನ ಕಿಂಡಿಯಿಂದ ಅದನ್ನು ಕಂಡ ಆಪರೇಟರನ ಎದೆಗೆ ಕಿಚ್ಚು ಬಿತ್ತು. ಅಂದಿನಿಂದ ಮಾತು ಕಟ್. "ನಿನ್ನ ತಮ್ಮನಿಗೆ ಹೇಳು, ಗೇಟು ಹಾಕ್ಬೇಕು ಅಂತ" ಎಂದು ಇವನು. "ಭಾವನಿಗೆ ಹೇಳು, ಹಾಕಿದೀನಿ ಅಂತ" ಎಂದು ಅವನು. ಮಧ್ಯೆ ಮೆಟ್ಟಿಲು ಹತ್ತಿಳಿದು ಸವೆದದ್ದು ಅವಳ ಮಂಡಿ.

ಅಮ್ಮನ ಮಂಡಿ ನೋಡಲಾರದೆ ಮಗಳೇ ಒಂದು ಉಪಾಯ ಮಾಡಿದಳು. ಎರಡು ಬೀದಿ ಆಚೆಗಿದ್ದ ಅವಳು ಭೂಮಾಪನ ಕಚೇರಿಯಲ್ಲಿ ನಕ್ಷೆ ಬರೆಯುವವಳು. ಕಂಪ್ಯೂಟರಿನೊಳಗೆ ಒಂದು ಲೋಕವೇ ಇದೆ, ಅಲ್ಲಿ ಬೇಕಾದ ವೇಷ ತೊಟ್ಟು ತಿರುಗಬಹುದು, ಜಾಗ ಹಿಡಿದು ಮನೆ ಕಟ್ಟಬಹುದು, ನಮ್ಮ ಭಾಷೆಯವರಿಗೆಂದೇ ಒಂದು ಬಡಾವಣೆ ಇದೆ ಎಂದು ಹೇಳಿ, ಕೆಳಗೆ ಅಪ್ಪನಿಗೊಂದು, ಮೇಲೆ ಮಾಮನಿಗೊಂದು ಯಂತ್ರ ಇರಿಸಿ ಹೋದಳು. ಇಬ್ಬರಿಗೂ ಒಂದೇ ಬುದ್ಧಿ ಹೇಳಿದಳು: ನಿಜವಾದ ಹೆಸರು, ಊರು, ಮನೆ ಯಾರಿಗೂ ಹೇಳಬಾರದು. ಜೀವಮಾನದಲ್ಲಿ ಇಬ್ಬರೂ ಚಾಚೂ ತಪ್ಪದೆ ಪಾಲಿಸಿದ ಮಾತು ಅದೊಂದೇ.

ಆಪರೇಟರ್ ಅಲ್ಲಿ ಮೂವತ್ತೆರಡರ ತರುಣನಾದ. ಆರಡಿ ಎತ್ತರ, ತಲೆ ತುಂಬ ಕೂದಲು, ಹೆಸರು 'ಮಾಲೀಕ'. ತಿಂಗಳೊಪ್ಪತ್ತಿನಲ್ಲಿ ನಲವತ್ತು ಕುರ್ಚಿಯ ಚಿತ್ರಮಂದಿರವೊಂದನ್ನು ಕಟ್ಟಿ ನಿಲ್ಲಿಸಿದ. ಯಾರ ಹಕ್ಕೂ ಉಳಿದಿಲ್ಲದ ಹಳೆಯ ಮೂಕಿ ಚಿತ್ರಗಳು, ಪಿಯಾನೋ ಹಾಡಿನ ಚಿತ್ರಗಳು ದಿನಾ ಎರಡೂವರೆಗೆ ಗೋಡೆಯ ಮೇಲೆ ಓಡತೊಡಗಿದವು.

"ಅಪ್ಪಾ, ಬಂದವರನ್ನ ಮೊದಲು ಕೇಳೋ ಹಾಗೆ ಇಡಲಾ? 'ಇಲ್ಲೊಂದು ವೀಡಿಯೊ ಇದೆ, ಹಾಕಲೋ ಬೇಡವೋ' ಅಂತ?" ಎಂದಿದ್ದಳು ಮಗಳು.

"ಸಿನಿಮಾಕ್ಕೆ ಬಂದವನನ್ನ ಸಿನಿಮಾ ಹಾಕಲಾ ಅಂತ ಕೇಳೋ ಪೆದ್ದ ಎಲ್ಲಾದ್ರೂ ಇದಾನಾ? ಕಾಲಿಟ್ಟ ಕೂಡ್ಲೆ ಶುರುವಾಗ್ಬೇಕು. ಅದೇ ಗತ್ತು."

ಮಗಳು ಏನೋ ಹೇಳಹೊರಟಳು. ಅವನು ಆಗಲೇ ಕುರ್ಚಿಗಳಿಗೆ ಕೆಂಪು ಬಣ್ಣ ಬಳಿಯುವುದರಲ್ಲಿ ಮುಳುಗಿದ್ದ.

ದಿನಕ್ಕೆ ಹದಿನೆಂಟು ಇಪ್ಪತ್ತು ಜನ ಬರುತ್ತಿದ್ದರು. ರೆಕ್ಕೆಯ ಹೆಂಗಸೊಬ್ಬಳು, ನಡೆದಾಡುವ ಟೀ ಕೆಟಲ್ ಒಂದು, ಸದಾ ಜಗಳವಾಡುವ ಜೋಡಿ ಗಿಳಿಗಳು. ಎಲ್ಲರಿಗಿಂತ ಮೊದಲು ಬಂದು ಎಲ್ಲರಿಗಿಂತ ಕಡೆಗೆ ಏಳುತ್ತಿದ್ದುದು ಕೊಡೆ ಹಿಡಿದ ಒಂದು ಕರಡಿ. ಆಟ ಮುಗಿದ ಮೇಲೆ ಮಾಲೀಕನೂ ಕರಡಿಯೂ ಹೊರಗಿನ ಮೆಟ್ಟಿಲ ಮೇಲೆ ಕೂತು ಅಕ್ಷರ ಒತ್ತಿ ಒತ್ತಿ ಮಾತಾಡುವರು. ಕರಡಿಗೆ ಚಿತ್ರದ ಬೆಳಕು ನೆರಳು ಅರ್ಥವಾಗುತ್ತಿತ್ತು. "ಇವತ್ತು ಆ ಮುದುಕಿಯ ಮುಖ ಎಷ್ಟು ಸ್ಪಷ್ಟವಾಗಿತ್ತು, ಮಾಲೀಕರೇ" ಎಂದು ಅದು ಬರೆದ ದಿನ ಆಪರೇಟರ್ ಒಂದು ತುತ್ತು ಜಾಸ್ತಿ ಉಂಡ. ಅರವತ್ತಮೂರು ವರ್ಷದಲ್ಲಿ ಅವನಿಗೆ ಸಿಕ್ಕ ಗೆಳೆಯ ಎಂದರೆ ಆ ಕರಡಿಯೇ. ಇದನ್ನು ಅವನು ಯಾರಿಗೂ ಹೇಳಿರಲಿಲ್ಲ.

ಇನ್ನು ಗೆಳೆತನ ಗಟ್ಟಿಯಾಗಲು ಇಬ್ಬರಿಗೂ ಆಗದವನೊಬ್ಬ ಇರಬೇಕಲ್ಲ.

"ನಮ್ಮ ಮನೇಲೊಬ್ಬ ಇದಾನೆ, ಮಾಲೀಕರೇ. ನಾನು ಬಟ್ಟೆ ಒಗೆಯೋಕೆ ನೀರು ಬಿಟ್ರೆ ಸಾಕು, ಅದೇ ಹೊತ್ತಿಗೆ ನಲ್ಲಿ ತಿರುಗಿಸ್ತಾನೆ. ಹಟಕ್ಕೆ."

"ಅಯ್ಯೋ, ನಮ್ಮ ಮನೇಲೂ ಒಬ್ಬ ಇದಾನೆ, ಕರಡಿಯವರೇ. ನಾನು ಮೈಗೆ ಸೋಪು ಹಚ್ಕೊಂಡು ನಿಂತಾಗಲೇ ಅವನಿಗೆ ಬಟ್ಟೆ ಒಗೆಯೋ ಹುಚ್ಚು."

"ಮೆಟ್ಟಿಲ ದೀಪ ಆರಿಸಿಬಿಟ್ಟು ನಾನು ಬೀಳೋದನ್ನೇ ಕಾಯ್ತಾನೆ."

"ನಮ್ಮವನು ಹಾಡಹಗಲೂ ಮೆಟ್ಟಿಲ ದೀಪ ಉರಿಸ್ತಾನೆ. ಅಪ್ಪನ ಮನೆ ಗಂಟು ನೋಡಿ!"

ಕೊಳಾಯಿ ಅದೇ, ದೀಪ ಅದೇ, ಮೆಟ್ಟಿಲೂ ಅದೇ. ಆದರೆ ಇಬ್ಬರೂ ತಂತಮ್ಮ ಮೂಗಿನ ನೇರಕ್ಕೆ ಹೇಳಿಕೊಂಡಿದ್ದರಿಂದ ಅವು ಎರಡು ಬೇರೆ ಬೇರೆ ಮನೆಗಳ ಗೋಳಾಗಿ ಕಂಡವು. ಹೀಗೆ ಐದು ತಿಂಗಳು ಒಬ್ಬರ ಕಷ್ಟಕ್ಕೆ ಇನ್ನೊಬ್ಬರು ಮರುಗುತ್ತ ಸುಖವಾಗಿದ್ದರು.

ಕೆಡಿಸಿದ್ದು ಚಿನ್ನದ ಕುದುರೆ. ಅದು ಬಡಾವಣೆಯ ದೊಡ್ಡ ಚೌಕದ ಒಡೆಯನ ವೇಷ. ಒಂದು ದಿನ ಆಟದ ನಡುವೆ ಟಕಟಕ ಎಂದು ಒಳಗೆ ಬಂದು, "ನಿಮ್ಮ ಚಿತ್ರಮಂದಿರ ಚೌಕಕ್ಕೆ ತರೋಣ. ಐನೂರು ಕುರ್ಚಿ ಕೊಡ್ತೀನಿ, ಬಾಲ್ಕನಿ ಸಮೇತ" ಎಂದಿತು.

ಬಾಲ್ಕನಿ! ಆಪರೇಟರನ ಕಿವಿ ನೆಟ್ಟಗಾಯಿತು. ಮೂವತ್ತೆಂಟು ವರ್ಷದಲ್ಲಿ ಅವನ ಚಿತ್ರಮಂದಿರಕ್ಕೆ ಇಲ್ಲದೇ ಹೋದದ್ದು ಅದೊಂದೇ.

"ಆದರೆ ನಿಮ್ಮ ಪ್ರೇಕ್ಷಕರು ನಿಜವಾದವರು ಅಂತ ನನಗೆ ಗೊತ್ತಾಗ್ಬೇಕು. ಸರ್ವರ್‌ನಲ್ಲಿ ಪಟ್ಟಿ ಇರತ್ತೆ, ಶುಕ್ರವಾರದೊಳಗೆ ಕಳಿಸಿ. ಯಾರು ಎಲ್ಲಿಂದ ನೋಡ್ತಾರೆ ಅಂತ ಚೌಕದಲ್ಲಿ ದೊಡ್ಡ ಬೋರ್ಡು ಹಾಕ್ತೀನಿ. ಅಂಗಡಿಯವರಿಗೂ ಅನುಕೂಲ."

ಯಾವ ಪಟ್ಟಿ? ಆಪರೇಟರ್ ಒಂದೂ ತಿಳಿಯದೆ ಸಂಜೆ ಮಗಳನ್ನು ಕರೆಸಿದ. ಅವಳು ತೆಗೆದು ತೋರಿಸಿದಳು.

"ನಿನ್ನ ಗೋಡೆ ಮೇಲೆ ಚಿತ್ರ ಓಡೋದು ಬರೀ ನೋಟಕ್ಕಪ್ಪಾ. ನಿಜವಾಗಿ ಪ್ರತಿಯೊಬ್ಬರ ಕಂಪ್ಯೂಟರೂ ನಿನ್ನ ಚಿತ್ರಗಳನ್ನ ಇಟ್ಟಿರೋ ಯಂತ್ರ, ಅಂದ್ರೆ ಸರ್ವರ್, ಅದರ ಬಾಗಿಲು ತಟ್ಟಿ, 'ಇಂಥ ನಂಬರಿನ ಮನೆಯಿಂದ ಬಂದಿದೀನಿ, ವೀಡಿಯೊ ಕೊಡಿ' ಅಂತ ಇಸ್ಕೊಂಡು ಹೋಗತ್ತೆ. ಒಂದು ಮನೆಗೆ ಒಂದೇ ನಂಬರು. ಸರ್ವರ್ ಅದನ್ನೆಲ್ಲ ಬರೆದಿಟ್ಕೊಳತ್ತೆ."

"ನಾನು ಬರಿ ಅಂದಿದ್ನಾ?"

"ನೀನು ಬೇಡ ಅಂದಿರಲಿಲ್ಲ. ಬಂದವರನ್ನ ಕೇಳೋದೂ ಬೇಡ ಅಂದೆ. ಕಾಲಿಟ್ಟ ಕೂಡ್ಲೆ ಅವರ ಮನೆ ನಂಬರು ನಿನ್ನ ಕೈಗೆ ಬಂತು. ಅವರಿಗೆ ಅದು ಗೊತ್ತೂ ಇಲ್ಲ." ಅವಳು ಏಳುತ್ತ ಎಂದಳು, "ಇದನ್ನ ಯಾರಿಗೂ ಕೊಡಬೇಡ. ನೀನೂ ನೋಡಬೇಡ."

ನೋಡಬೇಡ ಎಂದರೆ ನೋಡದೇ ಇರಲು ಆಪರೇಟರ್ ಏನು ಋಷಿಯೇ? ಮಗಳು ಗೇಟು ದಾಟುವಷ್ಟರಲ್ಲಿ ಕನ್ನಡಕ ಏರಿಸಿ ಕೂತ. ಒಂದೊಂದು ವೇಷದ ಹೆಸರಿನ ಮುಂದೆ ಒಂದೊಂದು ಉದ್ದನೆ ನಂಬರು. ಜಗಳದ ಗಿಳಿಗಳದ್ದು ಒಂದೇ ನಂಬರು. ಗಂಡ ಹೆಂಡಿರೇ ಸರಿ ಎಂದು ನಕ್ಕ. ಮೊದಲ ಸಾಲಿನಲ್ಲಿ 'ಮಾಲೀಕ', ಅವನದೇ. ಬೆರಳಿಟ್ಟುಕೊಂಡು ಕೆಳಗೆ ಬಂದ. ಕೆಟಲ್ ದಾಟಿದ, ರೆಕ್ಕೆಯ ಹೆಂಗಸನ್ನು ದಾಟಿದ, ಕರಡಿಯ ಹತ್ತಿರ ಬೆರಳು ನಿಂತಿತು. ಮತ್ತೆ ಮೇಲೆ ಹೋದ. ಮತ್ತೆ ಕೆಳಗೆ ಬಂದ. ಒಂದೇ ನಂಬರು! ಒಂದಂಕಿಯೂ ಅತ್ತಿತ್ತ ಇರಲಿಲ್ಲ.

ಕರಡಿ ತನ್ನ ಮನೆಯಲ್ಲೇ ಇದೆ ಎಂದು ತಿಳಿದಾಗ ಯಾವ ಗಂಡಸಿಗಾದರೂ ಮೊದಲು ಹೊಳೆಯುವುದು ಹೆಂಡತಿಯೇ. ಮರುದಿನ ಎರಡೂವರೆಗೆ ಚಿತ್ರ ಶುರುವಾಯಿತು, ಕರಡಿ ಬಂದು ಕೂತಿತು. ಆಪರೇಟರ್ ಕಿವಿಯ ಹೆಡ್‌ಫೋನ್ ಕಿತ್ತಿಟ್ಟು, ಬೆಕ್ಕಿನ ಹೆಜ್ಜೆ ಹಾಕುತ್ತ ಕೋಣೆಗೆ ಇಣುಕಿದ. ಅವಳು ಕಾಲಿಗೆ ದಿಂಬು ಕೊಟ್ಟುಕೊಂಡು ನಿದ್ದೆ ಹೋಗಿದ್ದಳು. ಇತ್ತ ಪರದೆಯಲ್ಲಿ ಕರಡಿ ಚಪ್ಪಾಳೆ ತಟ್ಟುತ್ತಿತ್ತು. ಹಾಗಾದರೆ ಯಾರು ಎಂದು ತಲೆ ಕೆರೆದುಕೊಳ್ಳುತ್ತಿದ್ದಾಗ ಎಲ್ಲಿಂದಲೋ ಪಿಯಾನೋ ಕೇಳಿಸಿತು. ಇವನ ಚಿತ್ರದ್ದೇ ಪಿಯಾನೋ. ಎರಡು ಕ್ಷಣ ತಡವಾಗಿ, ಮೆಟ್ಟಿಲ ಮೇಲಿಂದ ಇಳಿದು ಬರುತ್ತಿತ್ತು.

ಆಪರೇಟರ್ ಅಲ್ಲೇ ಮೆಟ್ಟಿಲ ಮೇಲೆ ಕೂತ. ಐದು ತಿಂಗಳು ಕರಡಿಗೆ ಹೇಳಿಕೊಂಡದ್ದೆಲ್ಲ ಸಾಲುಸಾಲಾಗಿ ನೆನಪಾಯಿತು. "ನಮ್ಮವನ ತಲೆಯೊಳಗೆ ಗಾಳಿ ಬಿಟ್ಟರೆ ಇನ್ನೊಂದು ಕಿವಿಯಿಂದ ಶಿಳ್ಳೆಯಾಗಿ ಬರತ್ತೆ" ಎಂದಿದ್ದ. ಕರಡಿ ಹೊಟ್ಟೆ ಹಿಡಿದುಕೊಂಡು ನಕ್ಕಿತ್ತು. "ನಮ್ಮವನಿಗೆ ತಲೆಯೇ ಇಲ್ಲ, ಬರೀ ಬಾಯಿ" ಎಂದು ಅದು ಹೇಳಿದಾಗ ಇವನೂ ಮೇಜು ಕುಟ್ಟಿ ನಕ್ಕಿದ್ದ. ಈಗ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಬಂದದ್ದು ಭಯ. ಈ ಪಟ್ಟಿ ಬೋರ್ಡಿಗೆ ಹೋದರೆ ಬಾಮೈದನೂ ನೋಡುತ್ತಾನೆ. ನೋಡಿದ ಗಳಿಗೆಯೇ ಎದ್ದು ಹೋಗುತ್ತಾನೆ. ಬಾಮೈದ ಹೋದರೆ ಪೀಡೆ ಹೋಯಿತು. ಆದರೆ ಕರಡಿಯೂ ಹೋಗುತ್ತದಲ್ಲ!

ಇಷ್ಟು ತಿಳಿದ ಮೇಲಾದರೂ ತೆಪ್ಪಗಿರಬೇಕಿತ್ತು. ಇರಲಿಲ್ಲ. ಕೈಗೆ ಬಂದ ಕೀಲಿಯಿಂದ ಒಂದೇ ಒಂದು ಸಲ ಬಾಗಿಲು ತೆಗೆದು ನೋಡೋಣ ಎನ್ನಿಸಿತು. ಅಂದೇ ಆಟ ಮುಗಿದ ಮೇಲೆ ಪರದೆಯೊಳಗಿನ ಮೆಟ್ಟಿಲ ಮೇಲೆ ಕೂತು, ಏನೂ ಅರಿಯದವನಂತೆ ಬರೆದ: "ಅಲ್ಲ ಕರಡಿಯವರೇ, ನಿಮಗೂ ನಿಮ್ಮ ಮನೇಲಿರೋ ಅವನಿಗೂ ನಿಜವಾಗಿ ಕೆಟ್ಟಿದ್ದು ಯಾಕೆ?"

ಕರಡಿ ಬಹಳ ಹೊತ್ತು ಕೊಡೆ ತಿರುಗಿಸಿತು. ಆಮೇಲೆ ಒಂದೊಂದೇ ಸಾಲು ಬಂತು.

"ಇದನ್ನ ಯಾರಿಗೂ ಹೇಳಿಲ್ಲ. ಅಕ್ಕ ಆಣೆ ಹಾಕಿಸ್ಕೊಂಡಿದ್ಲು. ನೀವು ಯಾರೋ ನಾನ್ಯಾರೋ, ಅದಕ್ಕೆ ಹೇಳ್ತೀನಿ. ಅವರ ಕೆಲಸದ ಒಂದು ಗಾಜಿಗೆ ಬೂಷ್ಟು ಹಿಡಿದು ಮಸುಕಾಗಿತ್ತು. ಕೆಲಸದ ಕೊನೇ ದಿನ ಚೆನ್ನಾಗಿರಲಿ ಅಂತ ಅಕ್ಕ ತಂದುಕೊಟ್ಲು. ಕನ್ನಡಕದ ಗಾಜು ಉಜ್ಜೋನು ಉಜ್ಜಿದ್ದು ಅಂದ್ರೆ ಅವರು ಮುಟ್ತಿರಲಿಲ್ಲ, ಕಂಪನಿಗೆ ಕಳಿಸಿದ್ದೆ ಅಂತ ಅಕ್ಕ ಸುಳ್ಳು ಹೇಳಿದ್ಲು. ಎರಡು ದಿನ ರೆಪ್ಪೆ ಮುಚ್ಚದೆ ಉಜ್ಜಿದೆ, ಮಾಲೀಕರೇ. ಹೋಗಿ ನೋಡ್ದೆ. ಮೊದಲ ಹತ್ತು ನಿಮಿಷ ಕಣ್ಣಲ್ಲಿ ನೀರು ಬಂತು, ಅಷ್ಟು ಚೆನ್ನಾಗಿತ್ತು. ಆಮೇಲೆ ಏನಾಯ್ತೋ ಗೊತ್ತಿಲ್ಲ, ನಿದ್ದೆ ಹೋಗ್ಬಿಟ್ಟೆ. ಅದೇ ನನ್ನ ತಪ್ಪು."

ಆ ಗಾಜು ಆಪರೇಟರನ ಪ್ರೊಜೆಕ್ಟರಿನ ಮಸೂರ. ಆ ಕೊನೆಯ ಆಟದ ಚಿತ್ರ ಅವನ ಕಣ್ಣಿಗೆ ಇಂದಿಗೂ ಕಟ್ಟಿದೆ. ಒಬ್ಬೊಬ್ಬರ ರೆಪ್ಪೆಯ ಕೂದಲೂ ಎಣಿಸುವಂತಿತ್ತು. ಆಹಾ ನನ್ನ ಕೈಚಳಕವೇ ಎಂದು ಎರಡು ವರ್ಷ ಬೀಗಿದ್ದ. ಈಗ ತಿಳಿದಾಗ ಮೊದಲು ಬಾಮೈದನ ಮೇಲೆ ಪ್ರೀತಿ ಉಕ್ಕಿತು. ಅದರ ಹಿಂದೆಯೇ ನಾಚಿಕೆ ಬಂತು. ಅವನು ನಂಬಿ ಹೇಳಿದ್ದು ಗೊತ್ತಿಲ್ಲದ ಒಬ್ಬನಿಗೆ. ಕೇಳಿಸಿಕೊಂಡವನು ಮಾತ್ರ ಎಲ್ಲ ಗೊತ್ತಿದ್ದೂ ಕೂತಿದ್ದ. ಕಳ್ಳ ಎನ್ನುವುದಕ್ಕೆ ಇದಕ್ಕಿಂತ ಹೆಚ್ಚು ಏನು ಮಾಡಬೇಕು?

ಗುರುವಾರ ಬೆಳಿಗ್ಗೆಯೇ ಚಿನ್ನದ ಕುದುರೆಗೆ ಬರೆದ: "ಪಟ್ಟಿ ಇಲ್ಲ. ಬಾಲ್ಕನಿ ಬೇಡ." ಕುದುರೆ ಕೆನೆಯಿತೋ ಬಿಟ್ಟಿತೋ, ಇವನು ನೋಡಲು ನಿಲ್ಲಲಿಲ್ಲ. ಮಗಳನ್ನು ಕರೆಸಿ, "ಅಳಿಸು" ಎಂದ.

"ಅಳಿಸಿದ್ರೆ ಸಾಲದು, ನಾಳೆ ಮತ್ತೆ ಬರೆಯತ್ತೆ. ಮಧ್ಯೆ ಒಂದು ಮಧ್ಯವರ್ತಿ ಸರ್ವರ್ ಇಡ್ತೀನಿ. ಎಲ್ಲರೂ ಅದನ್ನ ಕೇಳ್ತಾರೆ, ಅದು ನಿನ್ನನ್ನ ಕೇಳತ್ತೆ. ನಿನಗೆ ಅದರ ನಂಬರು ಮಾತ್ರ ಕಾಣತ್ತೆ. ಅದಕ್ಕೆ ಬರೆದಿಟ್ಕೊಳೋ ಅಭ್ಯಾಸ ಇಲ್ಲ."

"ಅಂದ್ರೆ?"

"ಅಂದ್ರೆ ಅಮ್ಮ. ನೀನು ಅಮ್ಮನಿಗೆ ಹೇಳ್ತೀಯ, ಅಮ್ಮ ಮಾಮನಿಗೆ ಹೇಳ್ತಾಳೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡೋ ಹಾಗಿಲ್ಲ."

ಆಪರೇಟರ್ ಪೆಚ್ಚಾಗಿ ನಕ್ಕ. "ಸರಿ. ಬಂದವರನ್ನ ಮೊದಲು ಕೇಳೋ ಹಾಗೂ ಮಾಡು. ಕೇಳೋ ಕಡೆ ಏನು ಬರೀಬೇಕು ಅಂತ ನಾನೇ ಹೇಳ್ತೀನಿ."

ಮಗಳು ಅದನ್ನು ಓದಿ, "ಅಪ್ಪಾ, ಇಷ್ಟೆಲ್ಲ ಯಾರೂ ಹೇಳ್ಕೊಳಲ್ಲ" ಎಂದಳು. ಅವನು ಕೇಳಲಿಲ್ಲ. ಶುಕ್ರವಾರ ಮ್ಯಾಟಿನಿಗೆ ಬಂದವರೆಲ್ಲರ ಎದುರು ಈ ಫಲಕ ನಿಂತಿತು:

"ಪ್ರೇಕ್ಷಕರಲ್ಲಿ ವಿನಂತಿ. ಇಲ್ಲಿಯವರೆಗೆ ಇಲ್ಲಿ ಚಿತ್ರ ನೋಡಿದವರ ಮನೆ ನಂಬರು ಮಾಲೀಕನಿಗೆ ಕಾಣುತ್ತಿತ್ತು. ಮಾಲೀಕ ನೋಡಿದ್ದಾನೆ. ತಪ್ಪು ಅವನದು. ಪಟ್ಟಿ ಅಳಿಸಿದ್ದಾನೆ, ಯಾರಿಗೂ ಕೊಟ್ಟಿಲ್ಲ. ಇನ್ನು ಮುಂದೆ ಕಾಣುವುದಿಲ್ಲ. ಚಿತ್ರ ಹಾಕಲೇ, ಬೇಡವೇ?"

ಪ್ರಾಮಾಣಿಕತೆಗೆ ಸಿಕ್ಕ ಬಹುಮಾನ ಹೇಳುತ್ತೇನೆ ಕೇಳಿ. ಕೆಟಲ್ ಕುದಿದು ಹೊರಟುಹೋಯಿತು. ರೆಕ್ಕೆಯ ಹೆಂಗಸು ಬೈಯಬಾರದ ಬೈಗುಳ ಬೈದು ಹಾರಿಹೋದಳು. ಗಿಳಿಗಳಲ್ಲಿ ಒಂದು "ನಮ್ಮಿಬ್ಬರದ್ದೂ ನೋಡಿದ್ನಾ?" ಎಂದಿತು, ಇನ್ನೊಂದು "ನಿನ್ನಿಂದಲೇ ಆಗಿದ್ದು" ಎಂದಿತು, ಎರಡೂ ಮಾಯವಾದವು. ಐದು ನಿಮಿಷದಲ್ಲಿ ನಲವತ್ತು ಕುರ್ಚಿಯ ಮಂದಿರದಲ್ಲಿ ಉಳಿದದ್ದು ಇಬ್ಬರು ಅಪರಿಚಿತರು ಮತ್ತು ಕರಡಿ. ಕರಡಿ ಕೂರದೆ ಫಲಕದ ಮುಂದೆಯೇ ನಿಂತಿತ್ತು.

"ನನ್ನದೂ ನೋಡಿದ್ರಾ, ಮಾಲೀಕರೇ?"

ಇಲ್ಲ ಎಂದು ಬರೆದರೆ ಎರಡಕ್ಷರ. ಪಟ್ಟಿ ಅಳಿಸಿಹೋಗಿದೆ, ಸಾಕ್ಷಿ ಯಾರೂ ಇಲ್ಲ. ಕರಡಿ ಬಂದು ಕೂರುತ್ತದೆ, ಎಲ್ಲ ಮೊದಲಿನಂತೆಯೇ ಇರುತ್ತದೆ. ಆದರೆ ಹಾಗೆ ಉಳಿದ ಗೆಳೆಯನ ಪಕ್ಕದಲ್ಲಿ ದಿನಾ ಕೂರುವುದು ತನ್ನಿಂದಾಗದು ಎನ್ನಿಸಿತು.

"ನೋಡಿದೆ" ಎಂದು ಬರೆದ.

"ಎಲ್ಲಿದೀನಿ ನಾನು?"

"ನನ್ನ ತಲೆ ಮೇಲೆ ಕಣಯ್ಯಾ, ಬಾಮೈದ."

ಮಹಡಿಯಲ್ಲಿ ಕುರ್ಚಿ ಕಿರ್ರೆಂದು ಸರಿಯಿತು. ಆಪರೇಟರ್ ತಲೆಯೆತ್ತಿ ತಾರಸಿ ನೋಡಿದ. ಪರದೆಯಲ್ಲಿ ಒಂದು ಸಾಲು ಮೂಡಿತು.

"ಗಾಜಿನ ವಿಷಯ ಕೇಳಿದ್ದು ಪಟ್ಟಿ ನೋಡೋಕೆ ಮೊದಲೋ, ಆಮೇಲೋ?"

"ಆಮೇಲೆ."

ಕರಡಿ ಇದ್ದಲ್ಲಿ ಬರೀ ನೆಲ ಉಳಿಯಿತು.

ಹೆಂಡತಿ ಎಚ್ಚರಗೊಂಡು ಬಂದಾಗ ಆಪರೇಟರ್ ಎಲ್ಲ ಹೇಳಿಬಿಟ್ಟ. ಗಾಜು, ಕಂಪನಿ, ಸುಳ್ಳು ಎಲ್ಲ ಬಯಲಾಗಿ ತನ್ನ ಬುಡಕ್ಕೂ ಬಂತು ಎಂದು ಅವಳು ಮೊದಲು ಬೆಚ್ಚಿದಳು. ಆಮೇಲೆ ಇಬ್ಬರೂ ಪರಸ್ಪರ ಬೈದುಕೊಂಡ ಕತೆ ಕೇಳಿ, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ನಗು ನಿಂತಾಗ ಮುಖ ಗಂಟಿಕ್ಕಿತ್ತು.

"ಅವನು ಅದನ್ನ ನಿಮಗೆ ಹೇಳಿದ್ದಲ್ಲ ರೀ. ಹೇಳೋ ಮನಸ್ಸಿದ್ದಿದ್ರೆ ಎರಡು ವರ್ಷದಲ್ಲಿ ಒಂದು ದಿನ ಹೇಳ್ತಿರಲಿಲ್ವಾ?"

"ಗೊತ್ತು ಕಣೇ. ನೀನೊಂದು ಸಲ ಮೇಲೆ ಹೋಗಿ ತಪ್ಪಾಯ್ತು ಅಂತ—"

"ನನ್ನ ಮಂಡಿಗೆ ಆಗಲ್ಲ. ನಿಮಗೆ ಕಾಲಿಲ್ವಾ?"

ಕಾಲಿತ್ತು. ಹದಿನಾರು ಮೆಟ್ಟಿಲು ಹತ್ತಲು ಅದಕ್ಕೆ ಅರ್ಧ ದಿನ ಹಿಡಿಯಿತು. ಮುಚ್ಚಿದ ಬಾಗಿಲಿಗೆ, "ನೋಡಬಾರದಿತ್ತು. ನೋಡಿದ ಮೇಲೆ ಕೇಳಲೇಬಾರದಿತ್ತು. ತಪ್ಪಾಯ್ತು" ಎಂದ. ಒಳಗೆ ಯಾರೋ ಇದ್ದ ಸದ್ದಿತ್ತು. "ಆ ಕೊನೇ ಆಟ ನನ್ನ ಜೀವನದಲ್ಲೇ ಚೆನ್ನಾಗಿ ಬಿದ್ದ ಚಿತ್ರ" ಎಂದೂ ಸೇರಿಸಿದ. ಬಾಗಿಲು ತೆರೆಯಲಿಲ್ಲ. ಇಳಿದು ಬಂದ.

ಮೂರು ದಿನ ಕರಡಿ ಬರಲಿಲ್ಲ. ಆಟ ಮಾತ್ರ ನಿಲ್ಲಲಿಲ್ಲ. ಹೊಸಬರು ನಾಲ್ಕಾರು ಮಂದಿ ಫಲಕ ಓದಿ, 'ಹಾಕಿ' ಎಂದು ಒತ್ತಿ ಕೂತರು. ಅವರು ಯಾರು, ಎಲ್ಲಿಯವರು ಎಂದು ಆಪರೇಟರನಿಗೆ ತಿಳಿಯುವ ದಾರಿಯೇ ಇರಲಿಲ್ಲ. ಮೊದಲೆಲ್ಲ ಕಿಂಡಿಯಿಂದ ನೋಡಿದರೂ ಕತ್ತಲೆಯಲ್ಲಿ ಕಾಣುತ್ತಿದ್ದುದು ಬರೀ ತಲೆಗಳಲ್ಲವೇ ಎಂದು ಸಮಾಧಾನ ಮಾಡಿಕೊಂಡ. ಆದರೆ ಒಂದೊಂದು ಹೊಸ ವೇಷ ಒಳಗೆ ಬಂದಾಗಲೂ ಇದು ಅವನಿರಬಹುದೇ ಎಂದು ಎದೆ ಹಾರುತ್ತಿತ್ತು. ಬಾತುಕೋಳಿ ಬಂದರೂ ಹಾರಿತು, ಅಗಸೆ ಬಾಗಿಲಿನಷ್ಟು ದಪ್ಪನೆಯ ಸೈನಿಕ ಬಂದರೂ ಹಾರಿತು. ಕೇಳುವಂತಿರಲಿಲ್ಲ.

ನಾಲ್ಕನೆಯ ದಿನ ಎರಡು ಇಪ್ಪತ್ತೈದಕ್ಕೆ ಮೆಟ್ಟಿಲ ಮೇಲೆ ಏನೋ ಡಬಡಬ ಸದ್ದಾಯಿತು. ಹೆಂಡತಿ ಬಾಗಿಲು ತೆರೆದಳು. ಬಾಮೈದ ಎರಡೂ ಕೈಯಲ್ಲಿ ತನ್ನ ಕುರ್ಚಿ ಹೊತ್ತು ಏದುಸಿರು ಬಿಡುತ್ತ ನಿಂತಿದ್ದ. ಭಾವನ ಮುಖ ನೋಡದೆ ಒಳಗೆ ಬಂದು, ಕಂಪ್ಯೂಟರಿನ ಮುಂದೆ ಅವನ ಕುರ್ಚಿಯ ಪಕ್ಕಕ್ಕೆ ತನ್ನದನ್ನು ಇಟ್ಟು, ಭದ್ರವಾಗಿದೆಯೇ ಎಂದು ಎರಡು ಸಲ ಅಲುಗಿಸಿ ಕೂತ.

ಪರದೆಯ ಮೇಲಾಗಿದ್ದರೆ ಆಪರೇಟರನಿಗೆ ನೂರು ಮಾತು ಬರುತ್ತಿತ್ತು. "ಮೇಲಿಂದಲೇ ನೋಡಬಹುದಿತ್ತಲ್ಲಯ್ಯಾ" ಎಂದ ಕೊನೆಗೆ. "ಈಗ ನನಗೆ ಏನೂ ಕಾಣಲ್ಲ. ಆಣೆಗೂ."

"ಕಾಣದೇ ಇರಲಿ ಭಾವ. ಮೇಲೆ ಕೂತಿದ್ದಾಗ ನೀವೊಬ್ಬರೇ ನನ್ನ ನೋಡಿದ್ರಿ," ಎಂದ ಬಾಮೈದ, ಇನ್ನೂ ಪರದೆಯನ್ನೇ ನೋಡುತ್ತ. "ಇಲ್ಲಿ ಕೂತ್ರೆ ನಾನೂ ನಿಮ್ಮನ್ನ ನೋಡ್ಬಹುದು."

ಎಂದವನೇ ತಿರುಗಿ, ಎರಡು ವರ್ಷದಲ್ಲಿ ಮೊದಲ ಸಲ, ಭಾವನ ಮುಖವನ್ನು ನೆಟ್ಟಗೆ ನೋಡಿದ. ಆಪರೇಟರ್ ನೋಡಿಸಿಕೊಂಡ. ಗಡಿಯಾರ ಎರಡೂವರೆ ದಾಟಿ ಮೂರು ನಿಮಿಷವಾಗಿತ್ತು, ಮೂವತ್ತೆಂಟು ವರ್ಷದಲ್ಲಿ ಒಂದು ದಿನವೂ ತಡವಾಗದ ಮ್ಯಾಟಿನಿ ಅಂದು ತಡವಾಗಿ ಶುರುವಾಯಿತು.